ಹೆವಿ ಲೈಸೆನ್ಸ್ ಸಿಕ್ಕಿತು, ಈಗ ಯಾರ ಗಾಡಿ ಹತ್ತಬೇಕು? ಮಲೆನಾಡಿನ ಹೊಸ ಲಾರಿ ಡ್ರೈವರ್‌ಗಳಿಗೆ ಮಾರ್ಗದರ್ಶಿ

ಹೆವಿ ಲೈಸೆನ್ಸ್ ಬಂದ ಸುದ್ದಿ ಊರಲ್ಲಿ ಹಬ್ಬೋಕೆ ಜಾಸ್ತಿ ದಿನ ಬೇಕಿಲ್ಲ. ಯಾರದೋ ಟಿಪ್ಪರ್ ಡ್ರೈವರ್ ಇಲ್ಲದೆ ನಿಂತಿರುತ್ತದೆ. ಇನ್ಯಾರದೋ ಲಾರಿಗೆ ನಾಳೆ ಬೆಳಿಗ್ಗೆ ಅಡಿಕೆ ತುಂಬಬೇಕಿರುತ್ತದೆ. "ನಾಳೆಯಿಂದಲೇ ಬಾರಪ್ಪ, ಸಂಬಳದ ವಿಷಯ ಆಮೇಲೆ ಮಾತಾಡೋಣ" ಎಂದು ಫೋನ್ ಬರುತ್ತದೆ. ಮನೆಯಲ್ಲೂ ಖುಷಿ. ಹುಡುಗ ಹೋಗಿ ಸ್ಟೇರಿಂಗ್ ಹಿಡಿದುಬಿಡುತ್ತಾನೆ.

ಇಲ್ಲಿ ಸ್ವಲ್ಪ ತಡೆಯಿರಿ ಅನ್ನೋದೇ ನನ್ನ ಮಾತು. ಮೊದಲ ವರ್ಷ ನೀವು ಯಾರ ಹತ್ತಿರ, ಯಾವ ಗಾಡಿಯಲ್ಲಿ, ಯಾವ ರಸ್ತೆಯಲ್ಲಿ ಕೆಲಸ ಮಾಡುತ್ತೀರೋ ಆ ಅಭ್ಯಾಸವೇ ಕೈಕಾಲಿಗೆ ಕೂರುತ್ತದೆ. ಬ್ರೇಕ್ ಸರಿ ಇಲ್ಲದ ಗಾಡಿಯಲ್ಲಿ ಕಲಿತವನಿಗೆ ಬ್ರೇಕ್ ಸರಿ ಇಲ್ಲದಿರುವುದೇ ಸಹಜ ಅನ್ನಿಸಿಬಿಡುತ್ತದೆ. ಹಾಗಾಗಿ ಮೊದಲು ಗಾಡಿ ನೋಡಿ, ಆಮೇಲೆ ಓನರ್ ನೋಡಿ, ಸಂಬಳ ಕೊನೆಗೆ ನೋಡಿ. ಸಂಬಳ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ, ಹೊಟ್ಟೆಪಾಡಿಗೇ ತಾನೇ ದುಡಿಯೋದು. ಆದರೆ ಒಳ್ಳೆ ಗಾಡಿ, ಒಳ್ಳೆ ಓನರ್ ಸಿಕ್ಕ ಕಡೆ ಸಂಬಳ ಸಾಮಾನ್ಯವಾಗಿ ತಾನಾಗಿಯೇ ಸರಿಯಾಗುತ್ತದೆ. ತಿರುಗಾ ಮುರುಗಾ ಆದದ್ದನ್ನು ನಾನು ಕಂಡಿಲ್ಲ.

ಲೈಸೆನ್ಸ್‌ನಲ್ಲಿ ಏನು ಬರೆದಿದೆ, ಓದಿಕೊಳ್ಳಿ

ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ. ಅದರಲ್ಲಿ ಎಲ್‌ಎಂವಿ (ಲೈಟ್ ಮೋಟಾರ್ ವೆಹಿಕಲ್, ಅಂದರೆ ಹಗುರ ಗಾಡಿ) ಮಾತ್ರ ಇದೆಯೋ, ದೊಡ್ಡ ಟ್ರಾನ್ಸ್‌ಪೋರ್ಟ್ ಗಾಡಿಯೂ ಇದೆಯೋ? ಎಲ್‌ಎಂವಿ ಇದ್ದವರು ಲೋಡ್ ಸೇರಿ ಒಟ್ಟು ತೂಕ 7500 ಕೆ.ಜಿ. ಮೀರದ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಟಾಟಾ ಏಸ್, ಬೊಲೆರೊ ಪಿಕಪ್, 407 ಇದರೊಳಗೆ ಬರುತ್ತವೆ. ಈಚರ್ ವಿಷಯದಲ್ಲಿ ಹುಷಾರಾಗಿರಿ. ನೋಡೋಕೆ ಒಂದೇ ಥರ ಇರುವ ಎರಡು ಗಾಡಿಗಳಲ್ಲಿ ಒಂದು 7500ರ ಒಳಗಿರುತ್ತದೆ, ಇನ್ನೊಂದು ಅದನ್ನು ಎಷ್ಟೋ ದಾಟಿರುತ್ತದೆ. ಆರ್‌ಸಿಯಲ್ಲಿ ಲೋಡ್ ಸೇರಿದ ತೂಕ ಬರೆದಿರುತ್ತಾರೆ, ಅದನ್ನೇ ನಂಬಿ. ಓನರ್ "ಏನೂ ಆಗಲ್ಲ, ಓಡಿಸು" ಅಂದರೂ ನಂಬಬೇಡಿ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಕಂಪನಿಯವರು ಮೊದಲು ಕೇಳೋದು ಡ್ರೈವರ್ ಲೈಸೆನ್ಸ್.

ಟ್ರಾನ್ಸ್‌ಪೋರ್ಟ್ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರ್ಡಿನ ತಾರೀಖನ್ನು ಫೋನಿನಲ್ಲಿ ಅಲಾರಂ ಹಾಕಿಟ್ಟುಕೊಳ್ಳಿ. ಡಿಜಿಲಾಕರ್‌ಗೆ ಲೈಸೆನ್ಸ್ ಸೇರಿಸಿಕೊಳ್ಳಿ. ಒರಿಜಿನಲ್ ಕಾರ್ಡನ್ನು ಮಾತ್ರ ಯಾವ ಓನರ್ ಕೈಗೂ "ಇಟ್ಕೊಳ್ಳಿ" ಅಂತ ಕೊಡಬೇಡಿ. ಜೆರಾಕ್ಸ್ ಸಾಕು.

ನಮ್ಮ ಕಡೆ ಎಂಥೆಂಥ ಕೆಲಸ ಇದೆ

ಶಿವಮೊಗ್ಗದಲ್ಲಿ ನಿಂತು ನೋಡಿದರೆ ಲಾರಿ ಕೆಲಸ ಒಂದೇ ಥರದ್ದಲ್ಲ. ಎಪಿಎಂಸಿ ಯಾರ್ಡಿನಿಂದ ಅಡಿಕೆ ಉತ್ತರದ ಕಡೆಗೆ ಹೋಗುತ್ತದೆ. ಸೊರಬ, ಶಿಕಾರಿಪುರದಿಂದ ಮೆಕ್ಕೆಜೋಳ, ಸಾಗರದ ಕಡೆಯಿಂದ ಶುಂಠಿ ಬರುತ್ತದೆ. ಅಕ್ಕಿ ಗಿರಣಿಗಳ ಕೆಲಸ ಇದೆ. ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿಂದ ಕಬ್ಬಿಣದ ಸಾಮಾನು ಹೊರಡುತ್ತದೆ. ಅಲ್ಲೇ ಶಿಮುಲ್ ಡೇರಿಯ ಹಾಲಿನ ಗಾಡಿಗಳೂ ಓಡಾಡುತ್ತವೆ. ಕ್ರಷರ್‌ಗಳ ಜಲ್ಲಿ, ಎಂ-ಸ್ಯಾಂಡ್ ಟಿಪ್ಪರ್‌ಗಳಂತೂ ಸಾಲುಗಟ್ಟಿ ಕಾಣುತ್ತವೆ. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗಳು ಬೇರೆ.

ಇವುಗಳಲ್ಲಿ ಹೊಸಬರಿಗೆ ಯಾವುದು ಸರಿ? ನನ್ನ ಅಭಿಪ್ರಾಯ ಹೇಳುತ್ತೇನೆ.

ಎಲ್ಲಕ್ಕಿಂತ ಒಳ್ಳೆಯದು, ಹಳೇ ಡ್ರೈವರ್ ಒಬ್ಬರ ಜೊತೆ ಎರಡನೇ ಡ್ರೈವರ್ ಆಗಿ ಹೋಗೋದು. ದೂರದ ಲೈನಿನ ಲಾರಿಗಳಲ್ಲಿ ಇಬ್ಬರು ಇರುವ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿದೆ. ಸಂಬಳ ಕಮ್ಮಿ ಇರುತ್ತದೆ, ಕ್ಲೀನರ್ ಕೆಲಸವನ್ನೂ ಮಾಡಬೇಕಾಗುತ್ತದೆ. ಟಾರ್ಪಾಲಿನ್ ಕಟ್ಟೋದು, ಹಗ್ಗ ಬಿಗಿಯೋದು, ಟೈರಿಗೆ ತಟ್ಟಿ ಸದ್ದು ಕೇಳೋದು, ಟೀ ತರೋದು ಎಲ್ಲ ನಿಮ್ಮ ಪಾಲಿಗೇ. "ಹೆವಿ ಲೈಸೆನ್ಸ್ ಇಟ್ಕೊಂಡು ಕ್ಲೀನರ್ ಆಗ್ಬೇಕಾ?" ಎಂದು ಸ್ನೇಹಿತರು ಕೇಳಬಹುದು. ಕೇಳಲಿ ಬಿಡಿ. ಲೋಡ್ ಆದ ಹತ್ತು ಚಕ್ರದ ಗಾಡಿ ಇಳಿಜಾರಿನಲ್ಲಿ ಹೇಗೆ ತಳ್ಳುತ್ತದೆ ಅನ್ನೋದನ್ನು ಡ್ರೈವಿಂಗ್ ಸ್ಕೂಲಿನ ಖಾಲಿ ಲಾರಿ ಕಲಿಸೋಕೆ ಆಗಲ್ಲ. ಪಕ್ಕದಲ್ಲಿ ಗೊತ್ತಿರುವವರು ಕೂತಿರುವಾಗ ಅದನ್ನು ಕಲಿಯಲು ಸಿಗುವ ಅವಕಾಶ ದುಡ್ಡು ಕೊಟ್ಟರೂ ಸಿಗೋದಿಲ್ಲ.

ಎರಡನೆಯದು, ಊರೊಳಗಿನ ಕೆಲಸ. ಸಿಮೆಂಟ್ ಅಂಗಡಿ, ಹಾರ್ಡ್‌ವೇರ್ ಡೀಲರ್, ಅಕ್ಕಿ ಗಿರಣಿ ಇಂಥವರ ಹತ್ತಿರ 407 ಅಥವಾ ಈಚರ್ ಓಡಿಸೋದು. ಸಂಜೆ ಮನೆಗೆ ಬರಬಹುದು. ಗಾಂಧಿ ಬಜಾರಿನ ಸಂದಿಯಲ್ಲಿ ರಿವರ್ಸ್ ತೆಗೆಯೋದು, ತೋಟದ ಮಣ್ಣಿನ ರಸ್ತೆಯಲ್ಲಿ ಹೂತುಕೊಳ್ಳದ ಹಾಗೆ ಹೋಗೋದು, ಕನ್ನಡಿ ನಂಬಿ ಗಾಡಿ ನಿಲ್ಲಿಸೋದು ಇಲ್ಲಿ ಬೇಗ ಬರುತ್ತದೆ. ಒಂದು ತೊಂದರೆ ಏನಂದರೆ, ಲೋಡಿಂಗ್ ಅನ್‌ಲೋಡಿಂಗ್ ಕೂಡ ಡ್ರೈವರೇ ಮಾಡಬೇಕು ಅನ್ನುವವರು ಜಾಸ್ತಿ. ಸಿಮೆಂಟ್ ಚೀಲ ಹೊರೋದು ನಿಮ್ಮ ಕೆಲಸವೋ, ಹಮಾಲರದ್ದೋ ಅನ್ನೋದನ್ನು ಸೇರುವ ದಿನವೇ ಕೇಳಿ.

ಹಾಲಿನ ರೂಟ್ ಕೂಡ ಚೆನ್ನಾಗಿದೆ. ಬೆಳಗಿನ ಜಾವ ಏಳಬೇಕು, ಹಬ್ಬಕ್ಕೂ ರಜೆ ಕಷ್ಟ. ಆದರೆ ದಿನಾ ಅದೇ ರಸ್ತೆ, ಅದೇ ಹೊತ್ತು. ಒಂದೇ ರಸ್ತೆಯನ್ನು ಮಳೆ, ಮಂಜು, ಬಿಸಿಲು ಎಲ್ಲದರಲ್ಲೂ ನೋಡಿದಾಗ ಕೈ ಪಳಗುತ್ತದೆ.

ಟಿಪ್ಪರ್ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕಂದರೆ ಹೊಸಬರಿಗೆ ಮೊದಲು ಬರುವ ಫೋನೇ ಟಿಪ್ಪರ್ ಕಡೆಯಿಂದ. ಕ್ರಷರ್ ಕೆಲಸದಲ್ಲಿ ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವುದು ಸಾಮಾನ್ಯ. ಟ್ರಿಪ್ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ. ಹಾಗಾಗಿ ಎಲ್ಲರೂ ಓಡಿಸುತ್ತಾರೆ, ಓಡಿಸುವುದು ಅಂದರೆ ಓಡಿಸುವುದೇ. ಓವರ್‌ಲೋಡ್ ಅಲ್ಲಿ ಮಾಮೂಲಿ ಮಾತು. ಟಿಪ್ಪರ್ ಬಾಡಿ ಎತ್ತುವಾಗ ನೆಲ ಸಮವಿಲ್ಲದಿದ್ದರೆ ಗಾಡಿ ಪಕ್ಕಕ್ಕೆ ಉರುಳುತ್ತದೆ. ಮೇಲೆ ಕರೆಂಟ್ ತಂತಿ ಇದ್ದರೆ ಬಾಡಿ ತಾಗುತ್ತದೆ. ಬಾಡಿ ಪೂರ್ತಿ ಇಳಿಸದೆ ಗಾಡಿ ಮುಂದಕ್ಕೆ ಬಿಡುವವರೂ ಇದ್ದಾರೆ. ಒಳ್ಳೆಯ ರಸ್ತೆ ಗುತ್ತಿಗೆದಾರರ ಹತ್ತಿರ, ತಿಂಗಳ ಸಂಬಳದ ಮೇಲೆ, ಸೈಟಿನಲ್ಲಿ ಕೈ ತೋರಿಸುವವರು ಇದ್ದಾರೆ ಅಂದರೆ ಟಿಪ್ಪರ್‌ಗೆ ಹೋಗಿ. ಟ್ರಿಪ್ ಲೆಕ್ಕದ ಟಿಪ್ಪರ್ ಮೊದಲ ಕೆಲಸಕ್ಕೆ ಬೇಡ ಅಂತಲೇ ನಾನು ಹೇಳುವುದು.

ಟ್ಯಾಂಕರ್ ಮತ್ತು ನಾಟಾ (ಮರದ ದಿಮ್ಮಿ) ಲಾರಿ ಎರಡನ್ನೂ ಮುಂದಕ್ಕೆ ಇಟ್ಟುಕೊಳ್ಳಿ. ಪೆಟ್ರೋಲ್, ಗ್ಯಾಸಿನಂಥ ಅಪಾಯಕಾರಿ ಸರಕಿಗೆ 3 ದಿನದ ಪ್ರತ್ಯೇಕ ತರಬೇತಿ ಮಾಡಿ, ಆರ್‌ಟಿಒದಲ್ಲಿ ಲೈಸೆನ್ಸ್ ಮೇಲೆ ಬರೆಸಿಕೊಳ್ಳಬೇಕು. ಅದು ಇಲ್ಲದೆ ಓಡಿಸುವಂತಿಲ್ಲ. ಟ್ಯಾಂಕರ್‌ನಲ್ಲಿ ದ್ರವ ಒಳಗೇ ಅಲುಗಾಡುತ್ತಿರುತ್ತದೆ. ತಿರುವಿನಲ್ಲಿ ಗಾಡಿ ನೀವು ಎಣಿಸಿದ್ದಕ್ಕಿಂತ ಜಾಸ್ತಿ ವಾಲುತ್ತದೆ. ಒಂದೆರಡು ವರ್ಷ ಬೇರೆ ಲೋಡ್ ಹೊತ್ತ ಮೇಲೆ ಅದು ಒಳ್ಳೆ ಸಂಬಳದ ಕೆಲಸ.

ಗಾಡಿಯನ್ನು ಹಗಲಲ್ಲಿ ನೋಡಿ

ಕೆಲಸಕ್ಕೆ ಒಪ್ಪುವ ಮೊದಲು "ಗಾಡಿ ನೋಡಬೇಕು ಅಣ್ಣ" ಅನ್ನಿ. ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ಓನರ್ ಇದ್ದರೆ ನಿಮಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹೋಗುವ ಮೊದಲು ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಎಮಿಷನ್, ಟ್ಯಾಕ್ಸ್ ಯಾವ ತಾರೀಖಿನವರೆಗೆ ಇದೆ ಅನ್ನೋದು ಕಾಣುತ್ತದೆ. ಹೊಸ ಗಾಡಿಗೆ 8 ವರ್ಷ ಆಗುವವರೆಗೆ ಎಫ್‌ಸಿ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ ಗಾಡಿಯನ್ನು "ಮುಂದಿನ ವಾರ ಮಾಡಿಸ್ತೀವಿ" ಅಂತ ಕೊಟ್ಟರೆ, ಮುಂದಿನ ವಾರವೇ ಬರುತ್ತೇನೆ ಅನ್ನಿ.

ಗಾಡಿ ಹತ್ತಿರ ಹೋದಮೇಲೆ ಬ್ರೇಕಿನಿಂದ ಶುರು ಮಾಡಿ. ಇಂಜಿನ್ ಸ್ಟಾರ್ಟ್ ಮಾಡಿ ಏರ್ ತುಂಬಲು ಬಿಡಿ. ಏರ್ ಮೀಟರಿನ ಮುಳ್ಳು ಮೇಲೆ ಬರಲು ತುಂಬಾ ಹೊತ್ತು ಬೇಕಾದರೆ ಎಲ್ಲೋ ಸೋರಿಕೆ ಇರಬಹುದು. ಏರ್ ತುಂಬಿದ ಮೇಲೆ ಇಂಜಿನ್ ಆಫ್ ಮಾಡಿ, ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ಮುಳ್ಳು ಇಳಿಯುತ್ತಲೇ ಹೋಗುತ್ತಾ? ಕೆಳಗೆ ಎಲ್ಲಾದರೂ ಸುಸ್ಸು ಅನ್ನುವ ಸದ್ದು ಬರುತ್ತಾ? ಜೊತೆಗೆ ಬಂದವರನ್ನು ಗಾಡಿ ಪಕ್ಕ ನಿಲ್ಲಿಸಿ ಕೇಳಲು ಹೇಳಿ. ಏರ್ ಟ್ಯಾಂಕಿನ ಕೆಳಗಿನ ಬಿರಡೆ ಬಿಟ್ಟು ನೋಡಿ. ನೀರು ಧಾರೆಯಾಗಿ ಸುರಿದರೆ ದಿನಾ ನೀರು ಬಿಡುವ ಅಭ್ಯಾಸ ಆ ಗಾಡಿಯಲ್ಲಿ ಇಲ್ಲ ಅಂತ ತಿಳಿಯಿರಿ. ನಮ್ಮ ತೇವದ ಹವೆಯಲ್ಲಿ ಅದು ದಿನದ ಕೆಲಸ. ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ಗಾಡಿಯ ವೇಗ ಇಳಿಸುವುದು) ಇದ್ದರೆ ಅದು ಕೆಲಸ ಮಾಡುತ್ತಾ ಕೇಳಿ. ಎಷ್ಟೋ ಗಾಡಿಗಳಲ್ಲಿ ಸ್ವಿಚ್ ಇರುತ್ತದೆ, ಒಳಗೆ ಕನೆಕ್ಷನ್ ತೆಗೆದಿರುತ್ತಾರೆ. ಹ್ಯಾಂಡ್ ಬ್ರೇಕನ್ನು ಸಣ್ಣ ಏರಿನಲ್ಲಿ ಹಾಕಿ ನೋಡಿ.

ಟೈರು: ಮುಂದಿನ ಎರಡು ಟೈರು ರೀಟ್ರೆಡ್ (ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು) ಆಗಿದ್ದರೆ ಬೇಡ ಅನ್ನಿ. ಹಿಂದಿನ ಜೋಡಿ ಟೈರುಗಳ ಮಧ್ಯೆ ಕಲ್ಲು ಸಿಕ್ಕಿಕೊಂಡಿದೆಯೇ, ಸೈಡಿನಲ್ಲಿ ಬಿರುಕಿದೆಯೇ ನೋಡಿ. ಸ್ಟೆಪ್ನಿ, ಜಾಕಿ, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು ಗಾಡಿಯಲ್ಲೇ ಇರಬೇಕು.

ವೈಪರ್ ಹಾಕಿ ನೋಡಿ. ಇದನ್ನು ಬಯಲುಸೀಮೆಯವರು ಕೇಳಿದರೆ ಇದೇನು ದೊಡ್ಡ ವಿಷಯ ಅನ್ನಬಹುದು. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ತೀರ್ಥಹಳ್ಳಿ, ಹೊಸನಗರದ ಕಡೆ ಓಡಿಸಿದವರಿಗೆ ವೈಪರ್ ಅಂದರೆ ಏನು ಅಂತ ಗೊತ್ತು. ಅದರ ಜೊತೆ ಹೆಡ್‌ಲೈಟ್, ಬ್ರೇಕ್ ಲೈಟ್, ಹಿಂದಿನ ರಿಫ್ಲೆಕ್ಟರ್ ಸ್ಟಿಕ್ಕರ್.

ಈ ಪಟ್ಟಿಯಲ್ಲಿ ಒಂದೆರಡು ಸಣ್ಣ ತೊಂದರೆ ಇದ್ದೇ ಇರುತ್ತವೆ. ನೀವು ತೋರಿಸಿದಾಗ ಓನರ್ ಏನು ಮಾಡುತ್ತಾರೆ ಅನ್ನೋದನ್ನು ಗಮನಿಸಿ. "ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಿಗೆ ಹೋಗಿ ಸರಿ ಮಾಡಿಸ್ಕೊಂಡು ಬಾ" ಅನ್ನುವವರ ಹತ್ತಿರ ಕೆಲಸ ಮಾಡಬಹುದು. "ಹಿಂದಿನವನು ಇದೇ ಗಾಡಿ ಓಡಿಸ್ತಿದ್ದ" ಅನ್ನುವವರ ಹತ್ತಿರ ಬೇಡ.

ಹಿಂದಿನವನು ಯಾಕೆ ಬಿಟ್ಟ?

ಓನರ್ ಬಗ್ಗೆ ತಿಳಿಯಲು ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಸಾಧ್ಯವಾದರೆ ಆ ಹಳೇ ಡ್ರೈವರ್ ನಂಬರ್ ತಗೊಂಡು ಮಾತಾಡಿ. ಇಲ್ಲವಾದರೆ ಲಾರಿ ನಿಲ್ಲುವ ಜಾಗದ ಟೀ ಅಂಗಡಿ, ಪಂಕ್ಚರ್ ಅಂಗಡಿ, ಗ್ಯಾರೇಜಿನಲ್ಲಿ ವಿಚಾರಿಸಿ. ಪಂಕ್ಚರ್ ಅಂಗಡಿಯವರಿಗೆ ಯಾರು ಬಾಕಿ ಇಟ್ಟಿದ್ದಾರೆ, ಯಾರ ಗಾಡಿಗೆ ಒಳ್ಳೆ ಟೈರು ಬೀಳುತ್ತದೆ ಎಲ್ಲ ಗೊತ್ತಿರುತ್ತದೆ. ಒಬ್ಬ ಓನರ್ ಹತ್ತಿರ ಡ್ರೈವರ್‌ಗಳು ವರ್ಷಗಟ್ಟಲೆ ನಿಂತಿದ್ದಾರೆ ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಒಂದೇ ಲಾರಿ ಇಟ್ಟುಕೊಂಡು ತಾವೂ ಹಿಂದೆ ಡ್ರೈವರ್ ಆಗಿದ್ದ ಓನರ್‌ಗಳು ನಮ್ಮ ಕಡೆ ತುಂಬಾ ಜನ ಇದ್ದಾರೆ. ಹೊಸಬರಿಗೆ ಇಂಥವರೇ ಸರಿ ಅನ್ನೋದು ನನ್ನ ನಂಬಿಕೆ. ಗೇರ್ ಬಾಕ್ಸ್ ಸದ್ದು ಕೇಳಿಯೇ ನೀವು ಹೇಗೆ ಓಡಿಸಿದಿರಿ ಅಂತ ಹೇಳುತ್ತಾರೆ, ಬೈಯುತ್ತಾರೆ, ಕಲಿಸುತ್ತಾರೆ. ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಪಿಎಫ್, ಇಎಸ್‌ಐ ಇರಬಹುದು, ಗಾಡಿ ಹೊಸದಿರಬಹುದು, ಅದೂ ದೊಡ್ಡ ಅನುಕೂಲವೇ. ಆದರೆ ಅಲ್ಲಿ ಹೊಸಬರನ್ನು ಕೂರಿಸಿ ಕಲಿಸುವವರು ಇದ್ದಾರಾ ಅಂತ ಕೇಳಿ ಸೇರಿ.

ದುಡ್ಡಿನ ಮಾತು ಮೊದಲೇ ಆಡಿ

ನಮ್ಮಲ್ಲಿ ಸಂಬಳ ಕೇಳಲು ಸಂಕೋಚ ಜಾಸ್ತಿ. ಅದರಲ್ಲೂ ಓನರ್ ಪರಿಚಯದವರೋ ಸಂಬಂಧಿಕರೋ ಆಗಿದ್ದರೆ ಬಾಯೇ ಬರೋದಿಲ್ಲ. ಸೇರುವ ದಿನ ಐದು ನಿಮಿಷ ಸಂಕೋಚ ಬಿಟ್ಟರೆ ಮುಂದೆ ಜಗಳ ಇರೋದಿಲ್ಲ.

ಕೊಡುವ ರೀತಿ ಮೂರು ಥರ ಇದೆ. ತಿಂಗಳ ಸಂಬಳ ಮತ್ತು ಅದರ ಮೇಲೆ ದಿನದ ಬತ್ತೆ. ಇನ್ನೊಂದು ಟ್ರಿಪ್ಪಿಗೆ ಇಷ್ಟು ಅಂತ. ಮತ್ತೊಂದು ಬಾಡಿಗೆಯಲ್ಲಿ ಪರ್ಸೆಂಟೇಜ್. ಹೊಸಬರಿಗೆ ಮೊದಲನೆಯದೇ ಸರಿ. ನಿಧಾನಕ್ಕೆ ಹೋದರೂ ದುಡ್ಡು ಕಮ್ಮಿ ಆಗೋದಿಲ್ಲ ಅನ್ನುವ ಧೈರ್ಯ ಇರಬೇಕು. ಇಲ್ಲವಾದರೆ ನಿದ್ದೆ ಬಂದರೂ ಇನ್ನೊಂದು ಟ್ರಿಪ್ ಅನ್ನಿಸುತ್ತದೆ.

ಕೇಳಬೇಕಾದ ಮಾತುಗಳು ಇವು. ಲೋಡ್ ಸಿಗದೆ ಎರಡು ದಿನ ಬೇರೆ ಊರಲ್ಲಿ ಕಾದರೆ ಬತ್ತೆ ಉಂಟಾ? ಪಂಕ್ಚರ್, ಪಾರ್ಕಿಂಗ್, ವೇಬ್ರಿಡ್ಜ್ ದುಡ್ಡು ಯಾರದ್ದು? ಫಾಸ್ಟ್‌ಟ್ಯಾಗಿನಲ್ಲಿ ದುಡ್ಡು ಯಾರು ತುಂಬುತ್ತಾರೆ? ಡೀಸೆಲ್ ಮೈಲೇಜ್ ಕಮ್ಮಿ ಬಂದರೆ ಸಂಬಳದಲ್ಲಿ ಹಿಡಿಯುತ್ತಾರಾ? ಘಾಟಿ ರಸ್ತೆಗೂ ಬೆಂಗಳೂರು ಹೈವೇಗೂ ಒಂದೇ ಮೈಲೇಜ್ ಲೆಕ್ಕ ಹಾಕುವವರು ಇದ್ದಾರೆ, ಅದನ್ನು ಒಪ್ಪಬೇಡಿ. ಸರಕು ನೆನೆದರೆ, ಚೀಲ ಕಮ್ಮಿಯಾದರೆ ಯಾರ ತಲೆಗೆ? ವಾರದಲ್ಲಿ ಒಂದು ದಿನ ರಜೆ ಇದೆಯಾ?

ಒಪ್ಪಿದ್ದನ್ನು ಆ ದಿನವೇ ವಾಟ್ಸಾಪ್‌ನಲ್ಲಿ ಓನರ್‌ಗೆ ಕಳಿಸಿ. "ಅಣ್ಣ, ಮಾತಾಡಿದ ಹಾಗೆ ತಿಂಗಳಿಗೆ ಇಷ್ಟು, ದಿನದ ಬತ್ತೆ ಇಷ್ಟು, ಒಂದನೇ ತಾರೀಖಿನಿಂದ ಬರ್ತೀನಿ" ಅಂತ ಎರಡು ಸಾಲು ಸಾಕು. ಅವರು "ಸರಿ" ಅಂತ ಉತ್ತರ ಹಾಕಿದರೆ ಅದೇ ದಾಖಲೆ.

ಸಂಬಳವನ್ನು ಬ್ಯಾಂಕಿಗೋ ಫೋನ್‌ಪೇಗೋ ಹಾಕಿಸಿಕೊಳ್ಳಿ. ಇದಕ್ಕೆ ದೊಡ್ಡ ಕಾರಣ ಇದೆ. ಕೆಲಸದಲ್ಲಿದ್ದಾಗ ಡ್ರೈವರ್‌ಗೆ ಏಟಾದರೆ, ಜೀವ ಹೋದರೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ. ಗಾಡಿಯ ಇನ್ಶೂರೆನ್ಸ್ ಕೂಡ ಸಂಬಳದ ಡ್ರೈವರ್‌ಗೆ ಅನ್ವಯಿಸುತ್ತದೆ. ಆದರೆ ನೀವು ಆ ಗಾಡಿಯ ಸಂಬಳದ ಡ್ರೈವರ್ ಅನ್ನೋದಕ್ಕೆ ಸಾಕ್ಷಿ ಬೇಕಲ್ವಾ? ಕೈಗೆ ಕೊಟ್ಟ ನೋಟು ಸಾಕ್ಷಿ ಹೇಳೋದಿಲ್ಲ, ಬ್ಯಾಂಕ್ ಪಾಸ್‌ಬುಕ್ ಹೇಳುತ್ತದೆ. ಖಾಸಗಿ ವಾಣಿಜ್ಯ ವಾಹನಗಳ ಡ್ರೈವರ್, ಕ್ಲೀನರ್‌ಗಳಿಗೆ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಅಪಘಾತ ಪರಿಹಾರ ಯೋಜನೆಯೂ ಇದೆ. ಶಿವಮೊಗ್ಗದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿಕೊಳ್ಳಿ.

ದೊಡ್ಡ ಅಡ್ವಾನ್ಸ್ ತಗೋಬೇಡಿ. ಮನೆಯಲ್ಲಿ ಮದುವೆ, ತೋಟದ ಖರ್ಚು ಅಂತ ಓನರ್ ಹತ್ತಿರ ಸಾಲ ಎತ್ತಿದವನು ಗಾಡಿ ಕೆಟ್ಟದ್ದಿದ್ದರೂ ಬಿಟ್ಟು ಬರೋಕೆ ಆಗದೆ ಕೂತಿರುತ್ತಾನೆ. ಬೇಡ ಅನ್ನುವ ಶಕ್ತಿಯನ್ನು ಸೇರುವ ದಿನವೇ ಮಾರಿಕೊಳ್ಳಬೇಡಿ.

ತೂಕ, ಹೊತ್ತು, ಸರಕು

ಇವು ಮೂರರಲ್ಲಿ ನಿಮ್ಮ ಗೆರೆ ಎಲ್ಲಿದೆ ಅಂತ ಮೊದಲೇ ಹೇಳಿಬಿಡಿ.

ತೂಕ: ಈಗಿನ ನಿಯಮದಲ್ಲಿ ಆರು ಚಕ್ರದ ಲಾರಿಗೆ ಗಾಡಿ ತೂಕವೂ ಸೇರಿ ಹೆಚ್ಚೆಂದರೆ 18.5 ಟನ್, ಹತ್ತು ಚಕ್ರದ್ದಕ್ಕೆ 28.5 ಟನ್. ನಿಮ್ಮ ಗಾಡಿಯ ಆರ್‌ಸಿಯಲ್ಲಿ ಇದಕ್ಕಿಂತ ಕಮ್ಮಿ ಬರೆದಿದ್ದರೆ ಆ ಕಮ್ಮಿಯೇ ಲೆಕ್ಕ. ಮೀರಿದರೆ ದಂಡ 20,000 ರೂಪಾಯಿ, ಅದರ ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ಮೂರು ಟನ್ ಜಾಸ್ತಿ ಅಂದರೆ 26,000. ಜಾಸ್ತಿ ಸರಕನ್ನು ಅಲ್ಲೇ ಇಳಿಸಬೇಕು. ತೂಕ ಹಾಕಿಸದೆ ತಪ್ಪಿಸಿಕೊಂಡರೆ 40,000. ಇದು ಓಡಿಸುವವನ ಮೇಲೂ ಬೀಳುತ್ತದೆ, ಓಡಿಸಲು ಬಿಟ್ಟವರ ಮೇಲೂ ಬೀಳುತ್ತದೆ. ದುಡ್ಡು ಓನರ್ ಕಟ್ಟಬಹುದು. ಇಳಿಜಾರಿನಲ್ಲಿ ಬ್ರೇಕ್ ಡ್ರಮ್ ಕಾದು ಹಿಡಿಯದೆ ಹೋದಾಗ ಸೀಟಿನಲ್ಲಿ ಕೂತಿರುವವರು ನೀವು.

ಹೊತ್ತು: 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರ್‌ಗೆ ಹಾಕಿಕೊಟ್ಟಿದ್ದ ಅಳತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಲೈನಿಗೆ ದಿನಕ್ಕೆ 10ರವರೆಗೆ. 5 ಗಂಟೆ ಆದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಲಾರಿ ಲೋಕದಲ್ಲಿ ಇದನ್ನು ಪಾಲಿಸುವವರು ಕಮ್ಮಿ ಅನ್ನೋದು ಎಲ್ಲರಿಗೂ ಗೊತ್ತು. ಆದರೂ ಇದನ್ನು ತಲೆಯಲ್ಲಿಟ್ಟುಕೊಂಡೇ ಮಾತಾಡಿ. ಬೆಂಗಳೂರು ಸುಮಾರು 300 ಕಿ.ಮೀ. ರಾತ್ರಿ ಹೋಗಿ ಅನ್‌ಲೋಡ್ ಮಾಡಿಸಿ, ಹಗಲು ಲೋಡ್ ತುಂಬಿಸಿ, ಮತ್ತೆ ರಾತ್ರಿಯೇ ವಾಪಸ್ ಬಾ ಅನ್ನುವ ಕೆಲಸದಲ್ಲಿ ನೀವು ಮಲಗೋದು ಯಾವಾಗ? ಇದನ್ನು ಹೀಗೇ ಕೇಳಿ. ಉತ್ತರ ಇಲ್ಲದಿದ್ದರೆ ಕೆಲಸ ಬೇಡ.

ಸರಕು: ಬಿಲ್ ಇಲ್ಲದ, ಏನಿದೆ ಅಂತ ಹೇಳದ ಲೋಡ್ ಹತ್ತಿಸಿಕೊಳ್ಳಬೇಡಿ. 50,000 ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಮರಳು, ಜಲ್ಲಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್, ನಾಟಾಕ್ಕೆ ಅರಣ್ಯ ಇಲಾಖೆಯ ಪಾಸ್ ಗಾಡಿಯಲ್ಲೇ ಇರಬೇಕು. ಸಿಕ್ಕಿಬಿದ್ದಾಗ ಗಾಡಿ ಜೊತೆ ಒಳಗೆ ಹೋಗುವವನು ಡ್ರೈವರ್. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಹಲವರು ಸತ್ತರು. ಊರೂರಿಗೆ ಭೂಮಿ ನಡುಗಿದ್ದು ಇಲ್ಲಿನ ಯಾರಿಗೂ ಮರೆತಿಲ್ಲ. ಕ್ರಷರ್, ಕ್ವಾರಿ ಕಡೆ ಕೆಲಸಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಂಡು, ಡಬ್ಬದಲ್ಲಿ ಏನಿದೆ ಅಂತ ಕೇಳಿಯೇ ಗಾಡಿ ಹತ್ತಬೇಕು.

ಯಾವ ಘಾಟಿ, ಯಾವ ತಿಂಗಳು

ಮಲೆನಾಡಿನ ಡ್ರೈವರ್‌ಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕರಾವಳಿ ಲೋಡ್ ಇರುವ ಕೆಲಸ ಅಂದರೆ ಘಾಟಿ ಇದ್ದೇ ಇದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಲಾರಿಗಳಿಗೆ ಅವಕಾಶ ಇಲ್ಲ. ಸರಕು ಲಾರಿಗಳು ಹೊಸನಗರದ ಕಡೆಯ ಹುಲಿಕಲ್ ಘಾಟಿಯಲ್ಲೋ, ಸಾಗರ, ಜೋಗದ ಮೇಲೆ ಗೇರುಸೊಪ್ಪ ಇಳಿದು ಹೊನ್ನಾವರಕ್ಕೋ ಹೋಗುತ್ತವೆ. ಚಿಕ್ಕಮಗಳೂರಿನ ಕಡೆಯವರಿಗೆ ಚಾರ್ಮಾಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಜಿಲ್ಲಾಧಿಕಾರಿಗಳು ಭಾರಿ ವಾಹನ ನಿಲ್ಲಿಸುವುದು ಹೆಚ್ಚುಕಮ್ಮಿ ಪ್ರತಿ ವರ್ಷದ ಮಾತು. ಹೊರಡುವ ಮೊದಲು ಆ ಕಡೆಯಿಂದ ಬಂದ ಬಸ್ ಡ್ರೈವರ್‌ಗಳನ್ನು ಕೇಳಿ.

ಓನರ್ ಹತ್ತಿರ ನೇರ ಕೇಳಿ: ಯಾವ ಘಾಟಿ, ಮೊದಲ ಸಲ ಜೊತೆಗೆ ಯಾರು ಬರುತ್ತಾರೆ, ಹಗಲೋ ರಾತ್ರಿಯೋ? ಮೊದಲ ಕೆಲವು ಟ್ರಿಪ್ ಹಗಲಲ್ಲೇ, ಘಾಟಿ ಗೊತ್ತಿರುವವರ ಜೊತೆಗೇ ಅಂತ ಹಟ ಮಾಡಿ. ಸಾಧ್ಯವಾದರೆ ದೀಪಾವಳಿ ಕಳೆದ ಮೇಲೆ ಘಾಟಿ ಕೆಲಸಕ್ಕೆ ಸೇರಿ. ಮಳೆ ನಿಂತಿರುತ್ತದೆ, ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಅಂತ ಲೋಡಿಗೂ ಬರವಿಲ್ಲ. ಮುಂದಿನ ಜೂನ್ ಬರುವ ಹೊತ್ತಿಗೆ ಪ್ರತಿ ತಿರುವೂ ಕಣ್ಣಿಗೆ ಕಟ್ಟಿರುತ್ತದೆ. ಜೂನ್, ಜುಲೈನಲ್ಲೇ ಲೈಸೆನ್ಸ್ ಬಂದಿದ್ದರೆ ಆ ನಾಲ್ಕು ತಿಂಗಳು ಊರೊಳಗೆ ಓಡಿಸಿ.

ಇಳಿಯುವಾಗಿನ ಒಂದೇ ಒಂದು ಪಾಠ ಇಲ್ಲಿ ಹೇಳುತ್ತೇನೆ, ಉಳಿದದ್ದು ಜೊತೆಗಿರುವವರು ಹೇಳಿಕೊಡುತ್ತಾರೆ. ಯಾವ ಗೇರಿನಲ್ಲಿ ಆ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ನಡುವೆ ಅಲ್ಲ. ಎಕ್ಸಾಸ್ಟ್ ಬ್ರೇಕ್ ಹಾಕಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾಯುತ್ತದೆ, ಕಾದ ಬ್ರೇಕ್ ಹಿಡಿಯೋದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡು ಅಂತ ಯಾರಾದರೂ ಹೇಳಿಕೊಟ್ಟರೆ, ಅವರ ಹತ್ತಿರ ಬೇರೆ ಏನನ್ನೂ ಕಲಿಯಬೇಡಿ. ಕಿರಿದಾದ ಜಾಗದಲ್ಲಿ ಏರಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಕೆಟ್ಟು ನಿಂತಾಗ ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕಿ. ರಾತ್ರಿ ಬೈಕಿನಲ್ಲಿ ಬರುವವರ ಜೀವ ಅದರಲ್ಲಿದೆ.

ಸೇರಿದ ಮೇಲಿನ ಮೊದಲ ತಿಂಗಳು

ಒಂದು ಸಣ್ಣ ಪಾಕೆಟ್ ಪುಸ್ತಕ ಇಟ್ಟುಕೊಳ್ಳಿ. ತಾರೀಖು, ಎಲ್ಲಿಂದ ಎಲ್ಲಿಗೆ, ಕಿಲೋಮೀಟರ್, ಡೀಸೆಲ್, ಕೈಯಿಂದ ಹಾಕಿದ ಖರ್ಚು, ಪಡೆದ ದುಡ್ಡು. ಪ್ರತಿ ಟ್ರಿಪ್ ಆದಮೇಲೆ ಓನರ್ ಜೊತೆ ಲೆಕ್ಕ ಮುಗಿಸಿ. ತಿಂಗಳ ಕೊನೆಗೆ ಒಟ್ಟಿಗೆ ನೋಡೋಣ ಅಂದರೆ ಇಬ್ಬರಿಗೂ ನೆನಪಿರೋದಿಲ್ಲ. ಗಾಡಿ ಹಸ್ತಾಂತರ ಆದ ದಿನವೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಹಳೇ ಗೀರು, ಒಡೆದ ಲೈಟು ನಿಮ್ಮ ಲೆಕ್ಕಕ್ಕೆ ಬರಬಾರದು.

ಆಕ್ಸಿಡೆಂಟ್ ಆದರೆ ಗಾಡಿ ಬಿಟ್ಟು ಓಡಬೇಡಿ. ಏಟಾದವರಿಗೆ 108 ಆ್ಯಂಬುಲೆನ್ಸ್ ಕರೆಸಿ, 112ಕ್ಕೆ ಫೋನ್ ಮಾಡಿ, ನ್ಯಾಷನಲ್ ಹೈವೇ ಆದರೆ 1033 ಕೂಡ ಇದೆ. ಜನ ಸೇರಿ ಹೊಡೆಯುವ ಹಾಗಿದ್ದರೆ ನೇರ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ವಿಷಯ ತಿಳಿಸಿ. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಆಮೇಲೆ ಓನರ್‌ಗೆ ಫೋನ್. ಡ್ರೈವರ್ ಬದಲಾಯಿಸೋಣ, ಬೇರೆಯವರ ಹೆಸರು ಹೇಳೋಣ ಅನ್ನುವ ಮಾತು ಬಂದರೆ ಒಪ್ಪಬೇಡಿ.

ಮೊದಲ ತಿಂಗಳಲ್ಲೇ ಬ್ರೇಕ್ ರಿಪೇರಿ ಎರಡು ಸಲ ಕೇಳಿಯೂ ಆಗದಿದ್ದರೆ, ಒಪ್ಪಿದ ಬತ್ತೆ ಕೊಡದಿದ್ದರೆ, ನಿದ್ದೆಗೆಟ್ಟು ಓಡಿಸಲು ಒತ್ತಾಯಿಸಿದರೆ ಕೆಲಸ ಬಿಡಿ. ಬಿಟ್ಟರೆ ಊರಲ್ಲಿ ಏನನ್ನುತ್ತಾರೋ ಅನ್ನುವ ಅಂಜಿಕೆ ಬೇಡ. ಆದರೆ ದಾರಿ ಮಧ್ಯದಲ್ಲಿ, ಲೋಡ್ ಇರುವಾಗ ಗಾಡಿ ಬಿಟ್ಟು ಬರಬೇಡಿ. ಸರಕು ಇಳಿಸಿ, ಗಾಡಿ ತಂದು ನಿಲ್ಲಿಸಿ, ಕೀ ಮತ್ತು ಪೇಪರ್ ಕೈಗೆ ಕೊಟ್ಟು, ಪುಸ್ತಕ ತೆಗೆದು ಲೆಕ್ಕ ಮುಗಿಸಿ ಬನ್ನಿ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈ ನಂಬರಿನ ಗಾಡಿ ಓಡಿಸಿದ್ದಾರೆ ಅಂತ ಓನರ್ ಕೈಯಲ್ಲಿ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಮುಂದೆ ಟ್ಯಾಂಕರ್‌ಗೋ, ದೊಡ್ಡ ಕಂಪನಿಗೋ ಹೋದಾಗ ಅನುಭವ ಎಲ್ಲಿದೆ ಅಂತ ಕೇಳುತ್ತಾರೆ. ಆಗ ತೋರಿಸಲು ಆ ಕಾಗದ ಬೇಕಾಗುತ್ತದೆ.